ತೂಕದ ಮಾತ್ರೆ ತಲೆಗೇರಿದಾಗ

1968ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ವರದಿಗಾರ್ತಿ ಸುಸಾನಾ ಮೆಕ್‌ಬೀ ತೂಕ ಇಳಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಹತ್ತು ಡಾಕ್ಟರುಗಳ ಬಳಿ ರೋಗಿಯ ಸೋಗಿನಲ್ಲಿ ಹೋಗಿ ಬಂದರು. ಆಕೆ ದಪ್ಪಗೇನೂ ಇರಲಿಲ್ಲ. ಆದರೂ ಹತ್ತು ಕಡೆ ಸುತ್ತಿ ಮುಗಿಸುವಷ್ಟರಲ್ಲಿ ಆಕೆಯ ಕೈಸೇರಿದ್ದ ಮಾತ್ರೆಗಳ ಲೆಕ್ಕ 1,479.

ಕೆಂಪು, ಹಳದಿ, ಹಸಿರು, ನೀಲಿ ಹೀಗೆ ಬಗೆಬಗೆಯ ಬಣ್ಣಗಳಲ್ಲಿ ಬರುತ್ತಿದ್ದ ಈ ಮಾತ್ರೆಗಳಿಗೆ ಅಲ್ಲಿ ‘ಕಾಮನಬಿಲ್ಲಿನ ಮಾತ್ರೆ’ ಎಂಬ ಹೆಸರೇ ಬಿದ್ದಿತ್ತು. ಹಸಿವು ಕೊಲ್ಲಲು ಆಂಫೆಟಮಿನ್, ಮೈ ಬೇಗ ಕರಗಲೆಂದು ಥೈರಾಯ್ಡ್ ಹಾರ್ಮೋನು, ತಕ್ಕಡಿಯ ಮುಳ್ಳು ಕೆಳಗಿಳಿಯಲೆಂದು ಮೂತ್ರ ಹೆಚ್ಚಿಸುವ ಔಷಧ, ಇವೆಲ್ಲ ಅದರಲ್ಲಿದ್ದವು. ಜೊತೆಗೆ ಹೃದಯದ ಔಷಧ ಡಿಜಿಟಾಲಿಸ್ ಇತ್ತು, ನಿದ್ದೆ ತರಿಸುವ ಬಾರ್ಬಿಟುರೇಟ್ ಕೂಡ ಇತ್ತು. ತೂಕ ಇಳಿಸುವವರಿಗೆ ನಿದ್ದೆ ಮಾತ್ರೆ ಯಾಕೆ? ಮೊದಲ ಮಾತ್ರೆ ತಿಂದವರು ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ, ಕೂತಲ್ಲಿ ಕೂರುತ್ತಿರಲಿಲ್ಲ. ಹಸಿವಿನ ಔಷಧ ಮನಸ್ಸನ್ನೂ ಕಲಕುತ್ತದೆ ಎಂಬುದು ಅದನ್ನು ಕಟ್ಟಿಕೊಡುತ್ತಿದ್ದವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ವರ್ಷ ಅಮೆರಿಕದ ಸೆನೆಟ್ ಈ ದಂಧೆಯ ಬಗ್ಗೆ ವಿಚಾರಣೆ ನಡೆಸಿತು. ಹೃದಯ ನಿಂತು ಸತ್ತವರ ವಿಷಯ ಅಲ್ಲಿ ದೊಡ್ಡದಾಗಿ ಚರ್ಚೆಯಾಯಿತು. ಆದರೆ ಸಾಯದೆ ಉಳಿದು, ಬುದ್ಧಿಯ ಹಿಡಿತ ಕಳೆದುಕೊಂಡವರ ಕಥೆ ಅದಕ್ಕೂ ಹಳೆಯದು.

ಹಸಿವು ಹುಟ್ಟುವ ಜಾಗ

ಹಸಿವು ಹೊಟ್ಟೆಯಲ್ಲಿ ಚುರುಗುಟ್ಟಿದರೂ ಅದರ ಲೆಕ್ಕಾಚಾರ ನಡೆಯುವುದು ಮಿದುಳಿನಲ್ಲಿ. ಮಿದುಳಿನ ತಳದಲ್ಲಿರುವ ಹೈಪೋಥಾಲಮಸ್ ಎಂಬ ಪುಟ್ಟ ಭಾಗಕ್ಕೆ ಕರುಳು, ಕೊಬ್ಬು, ರಕ್ತದ ಸಕ್ಕರೆ ಎಲ್ಲವುಗಳಿಂದ ಸಂದೇಶ ಬರುತ್ತದೆ. ಊಟ ಬೇಕೋ ಸಾಕೋ ಎಂದು ಅದು ತೀರ್ಮಾನಿಸುತ್ತದೆ. ಈ ಮಾತುಕತೆಗೆ ಬಳಕೆಯಾಗುವ ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳೇ ಮಿದುಳಿನ ಬೇರೆ ಮೂಲೆಗಳಲ್ಲಿ ಭಯ, ಸಂತೋಷ, ನಿದ್ದೆ, ನಂಬಿಕೆಗಳನ್ನೂ ನಡೆಸುತ್ತವೆ. ಒಂದು ಕೋಣೆಯ ದೀಪ ಆರಿಸಲು ಇಡೀ ಮನೆಯ ಮೇನ್ ಸ್ವಿಚ್ಚಿಗೆ ಕೈ ಹಾಕಿದಂತೆ, ಹಸಿವಿನ ತಂಟೆಗೆ ಹೋದ ಔಷಧ ಅಕ್ಕಪಕ್ಕದ್ದನ್ನೆಲ್ಲ ಮುಟ್ಟಿಯೇ ಬರುತ್ತದೆ.

ಆಂಫೆಟಮಿನ್ ಜಾತಿಯ ಔಷಧಗಳು ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಒಮ್ಮೆಲೇ ಹೊರಗೆ ಸುರಿಸುತ್ತವೆ. ಕಡಿಮೆ ಪ್ರಮಾಣದಲ್ಲಿ ಊಟ ಬೇಡವೆನಿಸುತ್ತದೆ, ಮೈಯಲ್ಲಿ ಹುರುಪು ಬರುತ್ತದೆ. ಪ್ರಮಾಣ ಏರಿದಾಗ ಡೋಪಮಿನ್ನಿನ ಇನ್ನೊಂದು ಕೆಲಸ ಮುಂದೆ ಬರುತ್ತದೆ. ಸುತ್ತಲಿನ ಸಾವಿರ ಸಂಗತಿಗಳಲ್ಲಿ ಯಾವುದು ನಮಗೆ ಮುಖ್ಯ ಎಂದು ಗುರುತು ಹಾಕುವುದು ಅದೇ. ಅದು ಅತಿಯಾದರೆ ಎಲ್ಲದಕ್ಕೂ ಗುರುತು ಬೀಳುತ್ತದೆ. ಪಕ್ಕದ ಮನೆಯವರು ಕೆಮ್ಮಿದ್ದು ತನಗಾಗಿ, ಬೀದಿಯಲ್ಲಿ ನಿಂತ ಬೈಕು ತನ್ನ ಮೇಲೆ ಕಣ್ಣಿಡಲು, ಟಿವಿಯಲ್ಲಿ ಆಡಿದ ಮಾತು ತನ್ನನ್ನು ಕುರಿತೇ ಎನಿಸತೊಡಗುತ್ತದೆ. ಎರಡು ಮೂರು ರಾತ್ರಿ ನಿದ್ದೆಯೂ ಇಲ್ಲದಿದ್ದರೆ ಸಂಶಯ ಗಟ್ಟಿಯಾಗಿ ಕೂರುತ್ತದೆ, ಇಲ್ಲದ ದನಿಗಳು ಕೇಳಿಸುತ್ತವೆ. ಕೆಲವರಿಗೆ ಚರ್ಮದಡಿ ಹುಳು ಹರಿದಾಡಿದ ಅನುಭವವಾಗಿ, ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತಾರೆ.

ಲಂಡನ್ನಿನ 42 ರೋಗಿಗಳು

ಆಂಫೆಟಮಿನ್ ಮೊದಲು ತಯಾರಾದದ್ದು 1887ರಲ್ಲಿ, ಬರ್ಲಿನ್ನಿನಲ್ಲಿ. ಅದಕ್ಕೆ ಮಾರುಕಟ್ಟೆ ಸಿಕ್ಕಿದ್ದು 1930ರ ದಶಕದಲ್ಲಿ, ಕಟ್ಟಿದ ಮೂಗಿಗೆ ಎಳೆದುಕೊಳ್ಳುವ ಬೆಂಜೆಡ್ರಿನ್ ಇನ್ಹೇಲರ್ ಆಗಿ. ಮಾತ್ರೆ ರೂಪದಲ್ಲಿ ಬಂದ ಮೇಲೆ, ಇದನ್ನು ತಿಂದವರಿಗೆ ಹಸಿವಾಗುವುದಿಲ್ಲ ಎಂಬುದು ಬೇಗನೆ ಗಮನಕ್ಕೆ ಬಂತು. ದಶಕ ಮುಗಿಯುವ ಮೊದಲೇ ಅದು ತೂಕ ಇಳಿಸುವ ಔಷಧವೂ ಆಗಿತ್ತು. ಅಷ್ಟರಲ್ಲೇ, 1938ರಲ್ಲಿ, ಹಗಲು ನಿದ್ದೆಯ ಕಾಯಿಲೆಗೆ ಬೆಂಜೆಡ್ರಿನ್ ಪಡೆದ ಕೆಲವರಿಗೆ ವಿಪರೀತ ಸಂಶಯದ ಮನೋರೋಗ ಬಂದದ್ದನ್ನು ಅಮೆರಿಕದ ಇಬ್ಬರು ವೈದ್ಯರು ವರದಿ ಮಾಡಿದ್ದರು. ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಂಡವರು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಮನೋವೈದ್ಯ ಫಿಲಿಪ್ ಕಾನೆಲ್. 1958ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 42 ರೋಗಿಗಳ ವಿವರಗಳಿದ್ದವು. ಇವರಲ್ಲಿ ಹಲವರು ಯಾರೋ ತಮ್ಮನ್ನು ಬೆನ್ನಟ್ಟುತ್ತಿದ್ದಾರೆ ಎನ್ನುತ್ತಿದ್ದರು, ದನಿಗಳನ್ನು ಕೇಳುತ್ತಿದ್ದರು. ಹಾಗಂತ ಜ್ವರ ನೆತ್ತಿಗೇರಿದವರಂತೆ ಬಡಬಡಿಸುತ್ತಿರಲಿಲ್ಲ. ತಾವು ಎಲ್ಲಿದ್ದೇವೆ, ಇವತ್ತು ಯಾವ ವಾರ ಎಂಬುದೆಲ್ಲ ಅವರಿಗೆ ಸರಿಯಾಗಿಯೇ ಗೊತ್ತಿತ್ತು. ನೋಡಿದ ಡಾಕ್ಟರಿಗೆ ಅದು ಸ್ಕಿಜೋಫ್ರೇನಿಯಾ ಎಂದೇ ತೋರುತ್ತಿತ್ತು.

ಕೆಲವರು ಇನ್ಹೇಲರನ್ನು ಒಡೆದು ಒಳಗಿದ್ದದ್ದನ್ನು ನುಂಗಿದ್ದರು. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಬೆಂಜೆಡ್ರಿನ್ ಇನ್ಹೇಲರ್ ಒಂದರಲ್ಲಿ 325 ಮಿಲಿಗ್ರಾಂ ಔಷಧವಿರುತ್ತಿತ್ತು. ಮಾತ್ರೆಯಲ್ಲಿ ಇರುತ್ತಿದ್ದದ್ದು 5 ಅಥವಾ 10 ಮಿಲಿಗ್ರಾಂ. ಅಂದರೆ ಒಂದೇ ಗುಕ್ಕಿಗೆ ಮೂವತ್ತಕ್ಕೂ ಹೆಚ್ಚು ಮಾತ್ರೆ.

ಕಾನೆಲ್ ಕಂಡುಕೊಂಡ ಮುಖ್ಯ ಸಂಗತಿ ಬೇರೆ. ಔಷಧ ಮೈಯಿಂದ ಹೊರಹೋದ ಮೇಲೆ, ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ, ಭ್ರಮೆಗಳು ಕರಗುತ್ತಿದ್ದವು. ಹಾಗಾಗಿ ಎರಡು ಕಾಯಿಲೆಗಳನ್ನು ಬೇರ್ಪಡಿಸಲು ಮೂತ್ರ ಪರೀಕ್ಷೆ ಬೇಕು, ಏನು ನುಂಗುತ್ತಿದ್ದೀರಿ ಎಂದು ಬಾಯಿಬಿಟ್ಟು ಕೇಳುವುದೂ ಬೇಕು. ಕೇಳದಿದ್ದರೆ ಆ ರೋಗಿಯ ಹಣೆಗೆ ಜೀವನಪೂರ್ತಿ ಸ್ಕಿಜೋಫ್ರೇನಿಯಾದ ಚೀಟಿ ಅಂಟಿಕೊಳ್ಳಬಹುದಿತ್ತು.

ಈ ಜನರ ಮನಸ್ಸು ಮೊದಲೇ ದುರ್ಬಲವಾಗಿತ್ತೇನೋ, ಮಾತ್ರೆ ಬರೀ ನೆಪವೇನೋ ಎಂಬ ಅನುಮಾನ ಉಳಿದಿತ್ತು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಜಾನ್ ಗ್ರಿಫಿತ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಅದನ್ನು ನೇರವಾಗಿ ಪರೀಕ್ಷಿಸಿದರು. ಇಂದಿನ ನೀತಿನಿಯಮಗಳಡಿ ಒಪ್ಪಿಗೆ ಸಿಗಲಾರದ ಪ್ರಯೋಗ ಅದು. ಹಿಂದೆ ಆಂಫೆಟಮಿನ್ ಬಳಸಿ ಗೊತ್ತಿದ್ದ, ಸ್ಕಿಜೋಫ್ರೇನಿಯಾ ಇಲ್ಲದ ಸ್ವಯಂಸೇವಕರಿಗೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಂಟೆಗೊಮ್ಮೆ ಔಷಧ ಕೊಡುತ್ತ ಹೋದರು. ಮೊದಲು ಅವರ ಮಾತು ನಿಂತಿತು, ಊಟ ನಿಂತಿತು, ಮುಖ ಸಿಂಡರಿಸಿತು. ಕೆಲವೇ ದಿನಗಳಲ್ಲಿ ಸಂಶಯ ಶುರುವಾಯಿತು. ಚಾವಣಿಯಲ್ಲಿರುವ ದೊಡ್ಡ ಯಂತ್ರವೊಂದು ತನ್ನ ಯೋಚನೆಗಳನ್ನು ನಿಯಂತ್ರಿಸುತ್ತಿದೆ ಎಂದು ಒಬ್ಬ ನಂಬಿದ. ಬಿಟ್ಟುಹೋದ ಹೆಂಡತಿ ತನ್ನನ್ನು ಕೊಲ್ಲಿಸಲು ಸುಪಾರಿ ಕೊಟ್ಟಿದ್ದಾಳೆ ಎಂದು ಇನ್ನೊಬ್ಬನಿಗೆ ಖಾತ್ರಿಯಾಯಿತು. ತಾನು ಬಾಗಿಲು ಕಾಯುವಾಗ ಡಾಕ್ಟರು ಕಿಟಕಿ ಕಾಯಲು ಒಪ್ಪಲಿಲ್ಲವೆಂದು ಅವನಿಗೆ ಕೋಪ ಬಂದಿತ್ತು.

ತೂಕ ಇಳಿಸಲೆಂದೇ 1950ರ ದಶಕದಲ್ಲಿ ಯುರೋಪಿಗೆ ಬಂದ ಫೆನ್‌ಮೆಟ್ರಜಿನ್ ಸ್ವೀಡನ್ನಿನಲ್ಲಿ ಚಟವಾಗಿ ಹಬ್ಬಿತು. ಅಲ್ಲಿನ ಮನೋವೈದ್ಯ ಯೋಸ್ಟಾ ರಿಲಾಂಡರ್ ಆ ಚಟಗಾರರಲ್ಲಿ ಒಂದು ವಿಚಿತ್ರವನ್ನು ದಾಖಲಿಸಿದರು: ಗಡಿಯಾರವನ್ನು ಬಿಚ್ಚುವುದು, ಬಿಡಿಭಾಗಗಳನ್ನು ಸಾಲಾಗಿ ಜೋಡಿಸುವುದು, ಮತ್ತೆ ಕೂಡಿಸುವುದು, ಮತ್ತೆ ಬಿಚ್ಚುವುದು. ಗಂಟೆಗಟ್ಟಲೆ ಇದೇ ಕೆಲಸ, ಅದೂ ಯಾವ ಉದ್ದೇಶವೂ ಇಲ್ಲದೆ.

2000ರಲ್ಲಿ ಬಂದ ‘ರೆಕ್ವಿಯಮ್ ಫಾರ್ ಎ ಡ್ರೀಮ್’ ಎಂಬ ಇಂಗ್ಲಿಷ್ ಸಿನಿಮಾ ನೋಡಿದವರಿಗೆ ಇದೆಲ್ಲ ಪರಿಚಿತವೆನಿಸಬಹುದು. ಅದರಲ್ಲಿ ಎಲೆನ್ ಬರ್ಸ್ಟಿನ್ ಮಾಡಿದ ವಯಸ್ಸಾದ ತಾಯಿಯ ಪಾತ್ರ, ಟಿವಿ ಕಾರ್ಯಕ್ರಮಕ್ಕೆ ಹೋಗುವಾಗ ಹಳೆಯ ಕೆಂಪು ಉಡುಪು ಮೈಗೆ ಹಿಡಿಸಲೆಂದು ಮಾತ್ರೆ ಶುರುಮಾಡುತ್ತದೆ. ಹಸಿವು ಮತ್ತೆ ತಲೆಯೆತ್ತಿದಾಗ ಆಕೆ ಮಾತ್ರೆ ಹೆಚ್ಚಿಸುತ್ತಾಳೆ. ಕೊನೆಗೆ ಅಡುಗೆಮನೆಯ ಫ್ರಿಜ್ಜೇ ತನ್ನತ್ತ ಹೆಜ್ಜೆಯಿಟ್ಟು ಬಂದಂತೆ ಕಂಡು ಕಿರುಚುತ್ತಾಳೆ. ಕಥೆ ಕಲ್ಪನೆ, ಆದರೆ ಹಂತಗಳು ವೈದ್ಯರ ಟಿಪ್ಪಣಿಗಳಲ್ಲಿ ಇರುವಂಥವೇ.

ಚಿಟ್ಟೆ ಮಾತ್ರೆಯ ಹಿಂದೆ

ಆಂಫೆಟಮಿನ್ ಮೇಲೆ ಕಾನೂನು ಬಿಗಿಯಾದರೂ ಅದರ ಸೋದರಸಂಬಂಧಿಗಳು ಉಳಿದುಕೊಂಡವು. 1959ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆಂಟರ್ಮಿನ್ ಇಂದಿಗೂ ಹಲವು ದೇಶಗಳಲ್ಲಿ ಚಲಾವಣೆಯಲ್ಲಿದೆ. ದಕ್ಷಿಣ ಕೊರಿಯಾದಲ್ಲಿ ಚಿಟ್ಟೆಯ ಆಕಾರದಲ್ಲಿ ಬರುವ ಇದರ ಮಾತ್ರೆಯನ್ನು ಜನ ಚಿಟ್ಟೆ ಮಾತ್ರೆ ಎಂದೇ ಕರೆಯುತ್ತಾರೆ. ಹದಿನಾರು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಕೊಡುವಂತಿಲ್ಲ, ಒಟ್ಟು ಬಳಕೆ ಮೂರು ತಿಂಗಳು ದಾಟುವಂತಿಲ್ಲ ಎಂಬ ನಿಯಮ ಅಲ್ಲಿದೆ. ಆದರೂ ಹೆಸರಾದ ಕ್ಲಿನಿಕ್ಕುಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಲ್ಲುವುದು, ಹದಿಹರೆಯದವರು ಸೋಷಿಯಲ್ ಮೀಡಿಯಾದಲ್ಲಿ ಕದ್ದು ಕೊಳ್ಳುವುದು ಸುದ್ದಿಯಾಗುತ್ತಲೇ ಇದೆ. 2022ರಲ್ಲಿ ಸಿಯೋಲ್‌ನ ರಸ್ತೆಯೊಂದರಲ್ಲಿ ಹಿಡಿತವಿಲ್ಲದೆ ಓಡಾಡುತ್ತಿದ್ದ ನಟರೊಬ್ಬರನ್ನು ಮಾದಕವಸ್ತುವಿನ ಅನುಮಾನದ ಮೇಲೆ ಪೊಲೀಸರು ಹಿಡಿದರು. ತೂಕದ ಮಾತ್ರೆಗಳನ್ನು ಒಮ್ಮೆಗೇ ಹಲವು ನುಂಗಿದ್ದಾಗಿ ಅವರು ಹೇಳಿದರು.

ಜನ ಯಾಕೆ ಮಿತಿ ಮೀರುತ್ತಾರೆ? ಈ ಔಷಧಗಳಿಗೆ ಮೈ ಬೇಗ ಒಗ್ಗಿಹೋಗುತ್ತದೆ. ಮೊದಲ ವಾರಗಳಲ್ಲಿ ಅಡಗಿದ್ದ ಹಸಿವು ಹಿಂತಿರುಗುತ್ತದೆ. ಆಗ ಔಷಧ ನಿಲ್ಲಿಸಬೇಕು ಎನ್ನುತ್ತದೆ ಲೇಬಲ್ಲು. ಇನ್ನೊಂದು ನುಂಗೋಣ ಎನ್ನುತ್ತದೆ ಆಸೆ. ಮದುವೆಗೋ ಶೂಟಿಂಗಿಗೋ ದಿನ ಹತ್ತಿರವಾದರೆ ಆಸೆಯೇ ಗೆಲ್ಲುತ್ತದೆ. ಹಾಗೆ ಏರಿಸಿ ತಿಂದವರು ಥಟ್ಟನೆ ನಿಲ್ಲಿಸಿದಾಗ ಇನ್ನೊಂದು ಹೊಡೆತ ಕಾದಿರುತ್ತದೆ: ಏಳಲಾಗದ ಸುಸ್ತು, ಗಾಢವಾದ ಖಿನ್ನತೆ.

ಎಷ್ಟು ತಿನ್ನುತ್ತಿದ್ದೇವೆಂದು ತಿನ್ನುವವರಿಗೇ ಗೊತ್ತಿಲ್ಲದ ಸಂದರ್ಭಗಳೂ ಇವೆ. ಸಿಬುಟ್ರಮಿನ್ ಎಂಬ ಔಷಧವನ್ನು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯದಿಂದಾಗಿ 2010ರಲ್ಲಿ ಯುರೋಪು, ಅಮೆರಿಕಗಳು ಕೈಬಿಟ್ಟವು, 2011ರಲ್ಲಿ ಭಾರತ ನಿಷೇಧಿಸಿತು. ಅಂಗಡಿಯಿಂದ ಹೋದ ಅದು ‘ನೂರಕ್ಕೆ ನೂರು ಗಿಡಮೂಲಿಕೆ’ ಎಂದು ಬರೆದ ಕ್ಯಾಪ್ಸೂಲುಗಳಲ್ಲಿ, ಸ್ಲಿಮ್ಮಿಂಗ್ ಕಾಫಿ ಪುಡಿಗಳಲ್ಲಿ ಬಚ್ಚಿಟ್ಟುಕೊಂಡು ವಾಪಸ್ಸು ಬಂದಿದೆ. ಇಂಥ ಕಲಬೆರಕೆ ಕ್ಯಾಪ್ಸೂಲು ತಿಂದು ಭ್ರಮೆ, ಅತಿಸಂಶಯಗಳಿಂದ ಆಸ್ಪತ್ರೆ ಸೇರಿದವರ ವಿವರಗಳನ್ನು ಹಾಂಕಾಂಗ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದರು. ಮೂಲಿಕೆ ತಾನೇ ಎಂದು ದಿನಕ್ಕೆರಡು ಹೆಚ್ಚಿಗೆ ನುಂಗುವವರಿಗೆ ಒಳಗಿರುವ ರಾಸಾಯನಿಕದ ಅಳತೆ ತಿಳಿಯುವ ಬಗೆಯೇ ಇಲ್ಲ.

ಹೇಳಿದಷ್ಟೇ ತಿಂದರೂ

ಕೆಲವೊಮ್ಮೆ ಅಪಾಯಕ್ಕೆ ಮಿತಿ ಮೀರುವ ಅಗತ್ಯವೂ ಬೀಳಲಿಲ್ಲ. ಗಾಂಜಾ ಸೇದಿದವರಿಗೆ ವಿಪರೀತ ಹಸಿವಾಗುತ್ತದೆ. ಗಾಂಜಾ ಹೋಗಿ ಕೂರುವ ಮಿದುಳಿನ ಸಿಬಿ1 ಗ್ರಾಹಕಗಳನ್ನು ಮುಚ್ಚಿಬಿಟ್ಟರೆ ಹಸಿವೂ ಅಡಗಬೇಕಲ್ಲ ಎಂಬ ತರ್ಕದಿಂದ ಹುಟ್ಟಿದ ಔಷಧ ರಿಮೊನಬಾಂಟ್. 2006ರಲ್ಲಿ ಯುರೋಪು ಒಪ್ಪಿತು. ತೂಕವೂ ಇಳಿಯಿತು. ಆದರೆ ನೆಮ್ಮದಿ, ಸಂತೋಷಗಳ ಕೆಲಸವೂ ಅದೇ ಗ್ರಾಹಕಗಳದ್ದಾಗಿತ್ತು.

2007ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯ ಹದಿನಾಲ್ಕು ಸದಸ್ಯರೂ ಇದಕ್ಕೆ ಬೇಡವೆಂದರು. ಅದೇ ವರ್ಷ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, 4,105 ಮಂದಿಯನ್ನೊಳಗೊಂಡ ಪ್ರಯೋಗಗಳ ವಿಶ್ಲೇಷಣೆ ಲಾಭನಷ್ಟ ಎರಡನ್ನೂ ಎದುರಿಗಿಟ್ಟಿತು. ಹುಸಿ ಮಾತ್ರೆ ತಿಂದವರಿಗಿಂತ ರಿಮೊನಬಾಂಟ್ ತಿಂದವರು 4.7 ಕಿಲೊ ಹೆಚ್ಚು ಇಳಿದಿದ್ದರು. ಆದರೆ ಖಿನ್ನತೆಯಿಂದಾಗಿ ಔಷಧ ಬಿಟ್ಟವರು ಎರಡೂವರೆ ಪಟ್ಟು, ಆತಂಕದಿಂದ ಬಿಟ್ಟವರು ಮೂರು ಪಟ್ಟು. 2008ರ ಅಕ್ಟೋಬರ್‌ನಲ್ಲಿ ಯುರೋಪು ಮಾರಾಟ ನಿಲ್ಲಿಸಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಯುತ್ತಿದ್ದ ದೊಡ್ಡ ಪ್ರಯೋಗವೊಂದು ಅರ್ಧಕ್ಕೇ ನಿಂತಿತು. ಅದರಲ್ಲಿ ಔಷಧ ಪಡೆದವರ ಪೈಕಿ ನಾಲ್ವರು, ಹುಸಿ ಮಾತ್ರೆ ಪಡೆದವರ ಪೈಕಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರು. ಭಾರತದಲ್ಲೂ ಮಾರಾಟವಾಗುತ್ತಿದ್ದ ಈ ಔಷಧವನ್ನು ಕೇಂದ್ರ ಸರ್ಕಾರ 2009ರ ಡಿಸೆಂಬರ್‌ನಲ್ಲಿ ನಿಷೇಧಿಸಿತು.

ಇಂಜೆಕ್ಷನ್ ಬಂದ ಮೇಲೆ

ಈಗ ಎಲ್ಲರ ಬಾಯಲ್ಲಿರುವುದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್. 2025ರಲ್ಲಿ ಮೌಂಜಾರೊ, ವಿಗೋವಿ ಎಂಬ ಬ್ರಾಂಡ್‌ಗಳಲ್ಲಿ ಇವು ಭಾರತಕ್ಕೂ ಬಂದವು. ಕರುಳಿನ ಹಾರ್ಮೋನನ್ನು ಅನುಕರಿಸುವ ಈ ಔಷಧಗಳು ಆಂಫೆಟಮಿನ್ ಜಾತಿಯವಲ್ಲ. ಐಸ್‌ಲ್ಯಾಂಡಿನಿಂದ ಆತ್ಮಹತ್ಯೆಯ ಯೋಚನೆಗಳ ಕೆಲವು ವರದಿಗಳು ಬಂದಾಗ ಯುರೋಪಿನ ಔಷಧ ಸಂಸ್ಥೆ 2023ರಲ್ಲಿ ತನಿಖೆ ಶುರುಮಾಡಿ, 2024ರ ಏಪ್ರಿಲ್‌ನಲ್ಲಿ ಔಷಧವೇ ಕಾರಣ ಎನ್ನಲು ಆಧಾರವಿಲ್ಲ ಎಂದು ತೀರ್ಮಾನಿಸಿತು. ರಿಮೊನಬಾಂಟ್ ಜೊತೆ ಇವನ್ನು ಒಂದೇ ಪಟ್ಟಿಯಲ್ಲಿಡುವುದು ಸರಿಯಲ್ಲ.

ಹಾಗೆಂದು ಅಳತೆ ತಪ್ಪಿದರೆ ನಡೆಯುತ್ತದೆ ಎಂದೇನೂ ಇಲ್ಲ. ಅಮೆರಿಕದಲ್ಲಿ ಔಷಧದ ಅಭಾವವಿದ್ದಾಗ ಬೇರೆ ಔಷಧಾಲಯಗಳು ತಯಾರಿಸಿದ ಸೆಮಾಗ್ಲುಟೈಡನ್ನು ಜನ ಬಾಟಲಿಯಿಂದ ಸಿರಿಂಜಿಗೆ ಎಳೆದು ಚುಚ್ಚಿಕೊಳ್ಳುತ್ತಿದ್ದರು. ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್‌ಗಳ ಗೊಂದಲದಲ್ಲಿ ಐದರಿಂದ ಇಪ್ಪತ್ತು ಪಟ್ಟು ಹೆಚ್ಚು ಚುಚ್ಚಿಕೊಂಡವರಿದ್ದಾರೆ ಎಂದು 2024ರ ಜುಲೈನಲ್ಲಿ ಎಫ್‌ಡಿಎ ಎಚ್ಚರಿಸಿತು. ಐದು ಯೂನಿಟ್ ಕೊಡಬೇಕಿದ್ದ ಕಡೆ ಇಪ್ಪತ್ತೈದು ಎಂದು ಚೀಟಿ ಬರೆದುಕೊಟ್ಟ ವೈದ್ಯರೂ ಅದರಲ್ಲಿದ್ದರು. ಮೈಯಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಅಷ್ಟು ದಿನವೂ ವಾಂತಿಯಾಗುತ್ತಿದ್ದು ಏನೂ ಒಳಗೆ ನಿಲ್ಲದಿದ್ದರೆ ದೇಹದಲ್ಲಿ ಬಿ1 ಜೀವಸತ್ವ ಬರಿದಾಗಬಹುದು. ಆಗ ಕಣ್ಣುಗುಡ್ಡೆಗಳ ಚಲನೆ ತಪ್ಪಿ, ಕಾಲು ತೂರಾಡಿ, ದಿಕ್ಕು ತೋಚದಂತಾಗುವ ವರ್ನಿಕೆ ಎಂಬ ಮಿದುಳಿನ ಕಾಯಿಲೆ ಬರುತ್ತದೆ. ಈ ಇಂಜೆಕ್ಷನ್ ಪಡೆದವರಲ್ಲಿ ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬೇಗ ಬಿ1 ಇಂಜೆಕ್ಷನ್ ಕೊಟ್ಟರೆ ಗುಣವಾಗಬಹುದು; ತಡವಾದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು.

ಮನೆಯ ಅಲಮಾರಿನಲ್ಲಿರುವುದು

ನಮ್ಮ ಊರುಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಅಪಾಯ ಇದಕ್ಕಿಂತ ಸರಳವಾದದ್ದು: ಥೈರಾಯ್ಡ್ ಮಾತ್ರೆ. ಅಮ್ಮನಿಗೋ ಅಕ್ಕನಿಗೋ ಡಾಕ್ಟರು ಬರೆದುಕೊಟ್ಟ ಥೈರಾಕ್ಸಿನ್ ಡಬ್ಬಿ ಎಷ್ಟೋ ಮನೆಗಳಲ್ಲಿದೆ. ಥೈರಾಯ್ಡ್ ಕಡಿಮೆಯಾದರೆ ದಪ್ಪಗಾಗುತ್ತಾರೆ, ಹಾಗಾದರೆ ಮಾತ್ರೆ ತಿಂದರೆ ತೆಳ್ಳಗಾಗಬೇಕು ಎಂಬ ಲೆಕ್ಕ ಹಾಕಿ ತಿನ್ನುವವರುಂಟು. ತೂಕ ಇಳಿಸಲು ಇದನ್ನು ಬಳಸಬಾರದು, ಹೆಚ್ಚು ತಿಂದರೆ ಪ್ರಾಣಕ್ಕೇ ಅಪಾಯ ಎಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಔಷಧದ ವಿವರಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸುತ್ತಾರೆ. ಥೈರಾಕ್ಸಿನ್ ಅತಿಯಾದರೆ ಎದೆ ಡವಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಹಾರಿಹೋಗುವುದು, ಸಣ್ಣದಕ್ಕೂ ರೇಗುವುದು ಕಾಣಿಸುತ್ತದೆ. ಮುಂದುವರಿದರೆ ಉನ್ಮಾದ, ಭ್ರಮೆಗಳೂ ಬರಬಹುದು. ಅದರ ಕೆಲಸ ನಿಧಾನ. ಇವತ್ತು ನುಂಗಿದ್ದರ ಪರಿಣಾಮ ಕಾಣಲು ಹಲವು ದಿನ ಹಿಡಿಯುವುದರಿಂದ, ಹಿಂದಿನ ವಾರದ ಮಾತ್ರೆಗೂ ಇವತ್ತಿನ ವರ್ತನೆಗೂ ನಂಟಿದೆ ಎಂದು ಮನೆಯವರಿಗೆ ಹೊಳೆಯುವುದಿಲ್ಲ.

ಜಿಮ್ಮಿನಲ್ಲಿ ಕೈಬದಲಾಗುವ ‘ಫ್ಯಾಟ್ ಬರ್ನರ್’ ಡಬ್ಬಿಗಳದ್ದು ಮತ್ತೊಂದು ಕಥೆ. ಅವುಗಳಲ್ಲಿ ಹಲವಕ್ಕೆ ಕೆಫೀನೇ ಜೀವಾಳ. ಪುಡಿಯ ಜೊತೆಗೆ ಎನರ್ಜಿ ಡ್ರಿಂಕು, ಅದರ ಮೇಲೆ ಎರಡು ಲೋಟ ಸ್ಟ್ರಾಂಗ್ ಕಾಫಿ ಸೇರಿದರೆ ಆತಂಕದ ದಾಳಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬೈಪೋಲಾರ್ ಕಾಯಿಲೆ ಇರುವವರಿಗೆ, ಹಿಂದೆ ಮನೋರೋಗ ಬಂದು ಹೋದವರಿಗೆ, ಊಟದ ಬಗ್ಗೆಯೇ ಗೀಳು ಹಿಡಿದವರಿಗೆ ಅಪಾಯ ಇನ್ನೂ ಹೆಚ್ಚು. ಊಟ ಬಿಡುವುದೇ ಸ್ವತಃ ಮನಸ್ಸನ್ನು ಕುಗ್ಗಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಯಾವ ಮಾತ್ರೆಯೂ ಇಲ್ಲದೆ, ಅವರಲ್ಲಿ ಹಲವರು ಖಿನ್ನತೆಗೆ, ಸಿಡುಕಿಗೆ, ಊಟದ ಬಗೆಗಿನ ಎಡೆಬಿಡದ ಯೋಚನೆಗೆ ಸಿಕ್ಕಿದರು.

ಏನು ನೋಡಬೇಕು, ಏನು ಮಾಡಬೇಕು

ನಿನ್ನೆಯವರೆಗೆ ಸರಿಯಿದ್ದ ಹುಡುಗಿ ಎರಡು ದಿನದಿಂದ ನಿದ್ದೆಯಿಲ್ಲದೆ ಕಿಟಕಿ ಮುಚ್ಚಿ ಕೂತಿದ್ದಾಳೆ, ಯಾರೋ ನೋಡುತ್ತಿದ್ದಾರೆ ಎನ್ನುತ್ತಾಳೆ ಎಂದಾಗ ಮನೆಯಲ್ಲಿ ಮೊದಲು ಏಳುವ ಮಾತು ಗಾಳಿ ಸೋಕಿನದೋ, ಮಾಟದ್ದೋ, ಪ್ರೇಮದ್ದೋ ಆಗಿರುತ್ತದೆ. ಮಾತ್ರೆಯ ನೆನಪು ಯಾರಿಗೂ ಬರುವುದಿಲ್ಲ, ಯಾಕೆಂದರೆ ತೂಕದ ಮಾತ್ರೆಯನ್ನು ಜನ ಕದ್ದು ತಿನ್ನುತ್ತಾರೆ. ಕೇಳಿದರೂ ಅದನ್ನು ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ‘ಏನಾದರೂ ಔಷಧ ತಗೋತೀಯಾ?’ ಎಂಬ ಪ್ರಶ್ನೆ ಸಾಲದು. ತೂಕಕ್ಕೆ, ಜಿಮ್ಮಿಗೆ, ನಿದ್ದೆಗೆ ಏನು ತಗೋತೀಯಾ, ಆನ್‌ಲೈನಿನಲ್ಲಿ ಏನು ತರಿಸಿದ್ದೀಯಾ ಎಂದು ಬಿಡಿಸಿ ಕೇಳಬೇಕು, ಗದರದೆ ಕೇಳಬೇಕು.

ಆಸ್ಪತ್ರೆಗೆ ಹೋಗುವಾಗ ಡಬ್ಬಿ, ಪೊಟ್ಟಣ, ಖಾಲಿ ಸ್ಟ್ರಿಪ್ಪು, ಇಂಜೆಕ್ಷನ್ ಪೆನ್ನು, ಕೈಗೆ ಸಿಕ್ಕಿದ್ದೆಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಒಯ್ಯುವುದು ಒಳ್ಳೆಯದು. ಉತ್ತೇಜಕ ಮಾತ್ರೆ ಅತಿಯಾದವರ ಮೈ ಕಾದಿದ್ದರೆ, ಎದೆಬಡಿತ ಜೋರಾಗಿದ್ದರೆ, ಫಿಟ್ಸ್ ಬಂದರೆ ಮೊದಲ ಬಾಗಿಲು ತುರ್ತು ಚಿಕಿತ್ಸಾ ವಿಭಾಗದ್ದೇ. ಅಲ್ಲಿ ಮೈ ತಣಿಸಿ, ಹೃದಯದ ಮೇಲೆ ಕಣ್ಣಿಟ್ಟು, ಶಾಂತಗೊಳಿಸುವ ಔಷಧ ಕೊಟ್ಟು, ಗಲಾಟೆಯಿಲ್ಲದ ಕೋಣೆಯಲ್ಲಿ ಇರಿಸುತ್ತಾರೆ. ಬೇಕಾದರೆ ಕೆಲವು ದಿನದ ಮಟ್ಟಿಗೆ ಭ್ರಮೆ ತಗ್ಗಿಸುವ ಔಷಧ ಸೇರಿಸುತ್ತಾರೆ. ಹೆಚ್ಚಿನವರು ದಿನಗಳಲ್ಲಿ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಔಷಧ ಮೈಯಿಂದ ಹೋದ ಮೇಲೂ ಭ್ರಮೆ ಉಳಿದರೆ ಮನೋವೈದ್ಯರು ಬೇರೆ ಕಾರಣ ಹುಡುಕುತ್ತಾರೆ. ಭ್ರಮೆ ಹೋದ ಬಳಿಕ ಬರುವ ಖಿನ್ನತೆಯ ವಾರಗಳಲ್ಲಿ ಮನೆಯವರು ಎಚ್ಚರದಿಂದಿರಬೇಕು. ಜೀವಕ್ಕೆ ಅಪಾಯ ಆಗಲೂ ಇರುತ್ತದೆ.

ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡುತ್ತಾರೆ. ಔಷಧದಿಂದ ತೊಂದರೆಯಾಗಿದೆ ಎಂಬ ಅನುಮಾನವನ್ನು ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ ಸರ್ಕಾರಕ್ಕೆ ತಿಳಿಸಬಹುದು. ಅದಕ್ಕೆ ಇರುವ ಶುಲ್ಕರಹಿತ ಸಂಖ್ಯೆ 1800-180-3024. ಔಷಧದ ಹೆಸರು, ಯಾವಾಗಿನಿಂದ ಎಷ್ಟು ತಿಂದರು, ಆಮೇಲೆ ಏನಾಯಿತು, ಇಷ್ಟನ್ನು ಹೇಳಿದರೆ ಅವರು ದಾಖಲಿಸಿಕೊಳ್ಳುತ್ತಾರೆ.